ಬಾಕ್ಸರ್ ಅಂದ್ರೆ ಬರೀ ದೇಹವಾ?

ನಿನ್ನೆ ಸಂಜೆ ಕಾಸರಗೋಡಿನಲ್ಲಿ ಗೆಳೆಯರೆಲ್ಲ ಸೇರಿ 1935ರ ‘ದಿ ಇನ್ಫಾರ್ಮರ್’ ಸಿನಿಮಾ ನೋಡಿದೆವು. ಮುಗಿದ ಮೇಲೆ ಚಾ ಕುಡಿಯುವಾಗ ಒಬ್ಬರು ಅದರ ನಾಯಕ ನಟ ವಿಕ್ಟರ್ ಮ್ಯಾಕ್ಲಾಗ್ಲೆನ್ ಬಗ್ಗೆ ಅಂದರು, "ಅವನದ್ದೇನು ನಟನೆ ಮಾರಾಯ್ರೇ? ಬಾಕ್ಸರ್ ಅಲ್ವಾ, ದೇಹ ಒಂದಿದೆ, ಅಷ್ಟೇ." ನಾನು ಅಲ್ಲಿ ಸುಮ್ನೆ ಇದ್ದೆ. ಮನೆಗೆ ಬಂದರೆ ನಿದ್ದೆ ಬರಲಿಲ್ಲ.

ವಿಕ್ಟರ್ ಮ್ಯಾಕ್ಲಾಗ್ಲೆನ್ ಬಾಕ್ಸರ್ ಆಗಿದ್ದದ್ದು ನಿಜ. 1909ರ ಮಾರ್ಚ್‌ನಲ್ಲಿ ವ್ಯಾಂಕೂವರ್‌ನಲ್ಲಿ ಜ್ಯಾಕ್ ಜಾನ್ಸನ್ ಎದುರು 6 ಸುತ್ತು ನಿಂತವನು. ಜಾನ್ಸನ್ ಹೆವಿವೇಟ್ ವಿಶ್ವ ಚಾಂಪಿಯನ್ ಆಗಿ ಆಗ ಮೂರು ತಿಂಗಳೂ ಆಗಿರಲಿಲ್ಲ. ಪ್ರದರ್ಶನ ಪಂದ್ಯವೇ ಇರಬಹುದು, ಏಟು ಏಟೇ ಅಲ್ವಾ?

ಆದರೆ ಸಿನಿಮಾದ ಆ ಸಾವಿನ ಮನೆಯ ದೃಶ್ಯ ನೋಡಿ. ಮ್ಯಾಕ್ಲಾಗ್ಲೆನ್‌ದು ಜಿಪೋ ಅನ್ನುವವನ ಪಾತ್ರ. 20 ಪೌಂಡ್ ಆಸೆಗೆ ಗೆಳೆಯನನ್ನು ಹಿಡಿದುಕೊಟ್ಟ ಜಿಪೋ, ಅದೇ ಗೆಳೆಯನ ಮನೆಗೆ ಬಂದಿದ್ದಾನೆ. ಜೇಬಿನಿಂದ ನಾಣ್ಯಗಳು ನೆಲಕ್ಕೆ ಬೀಳುತ್ತವೆ. ಎಲ್ಲರ ಕಣ್ಣೂ ಅವನ ಮೇಲೆ. ಅಷ್ಟು ದೊಡ್ಡ ಆಳು, ಎಲ್ಲಿ ಅಡಗಲಿ ಅಂತ ಗೊತ್ತಾಗದೆ ನಿಂತಾಗ ನನ್ನ ಹೊಟ್ಟೆಯಲ್ಲಿ ಸಂಕಟ ಆಯಿತು. ಸಣ್ಣ ದೇಹದವನಿಗೆ ಮೂಲೆಯಾದರೂ ಸಿಗುತ್ತಿತ್ತು. ಇವನಿಗೆ ಅದೂ ಇಲ್ಲ. ದೇಹ ಒಂದಿದೆ ಅಂದರಲ್ಲ, ಆ ದೇಹದಿಂದಲೇ ನಟಿಸಿದ್ದು ಅವನು!

ಈ ಮಾತು ನನಗೆ ಇಷ್ಟು ಯಾಕೆ ಚುಚ್ಚಿತು ಅಂದರೆ, ಒಮ್ಮೆ ನಾನೇ ಇದನ್ನು ಹೇಳಿದ್ದೆ. ದೊಡ್ಡಪ್ಪ ಯಕ್ಷಗಾನ ಮೇಳದಲ್ಲಿ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ ಮಾಡುತ್ತಿದ್ದದ್ದು ನಿಮಗೆಲ್ಲ ಗೊತ್ತು. ಹೈಸ್ಕೂಲಿನಲ್ಲಿರುವಾಗ ಅವರ ಮುಖಕ್ಕೇ, "ನಿಮ್ಮದು ಬೊಬ್ಬೆ ಹಾಕಿದರೆ ಆಯ್ತಲ್ಲ ದೊಡ್ಡಪ್ಪಾ" ಅಂದುಬಿಟ್ಟೆ. ಅವರು ಬೈಯಲಿಲ್ಲ. ಮರುದಿನ ಆಟಕ್ಕೆ ಕರೆದುಕೊಂಡು ಹೋಗಿ ವೇಷ ಕಟ್ಟುವ ಚೌಕಿಯಲ್ಲಿ ಕೂರಿಸಿದರು. ಮುಖದ ಮೇಲೆ ಅಕ್ಕಿಹಿಟ್ಟಿನ ಚುಟ್ಟಿ, ಅಂದರೆ ಮುಳ್ಳಿನಂಥ ಬೊಟ್ಟುಗಳನ್ನು ಒಂದೊಂದೇ ಇಟ್ಟರು, ಗಂಟೆಗಟ್ಟಲೆ. ಚುಟ್ಟಿ ಬಿದ್ದುಹೋಗುತ್ತದೆ ಅಂತ ತುಟಿ ಅಲ್ಲಾಡಿಸದೆ, ನೀರು ಬೇಕಾದರೆ ಕೈಸನ್ನೆ. ಆ ರಾತ್ರಿ ಅವರದ್ದು ರಾವಣ. ಕುಂಭಕರ್ಣ ಸತ್ತ ಸುದ್ದಿ ಬಂತು. ಏಳಲು ಹೋದರು, ಆಗಲಿಲ್ಲ, ಹಾಗೇ ಕೂತರು. ಬೊಬ್ಬೆ ಇಲ್ಲ, ಏನೂ ಇಲ್ಲ. ಅಷ್ಟು ಭಾರದ ವೇಷ ಒಮ್ಮೆಲೇ ಕುಸಿದದ್ದು ಇವತ್ತಿಗೂ ಕಣ್ಣಮುಂದೆ ಇದೆ. ಅವರು ಇರುವಷ್ಟು ದಿನ ನಾನು ತಪ್ಪಾಯಿತು ಅಂತ ಹೇಳಲೇ ಇಲ್ಲ.

ಇನ್ನೊಬ್ಬರು, "ಅದೆಲ್ಲ ನಿರ್ದೇಶಕ ಜಾನ್ ಫೋರ್ಡ್ ಮಾಡಿಸಿದ್ದು" ಅಂದರು. ಮಾಡಿಸಿರಬಹುದು. ಹಾಡಿ ಆಟ ನಡೆಸುವ ಭಾಗವತರು ಪದ ಹೇಳದೆ ಯಾವ ವೇಷ ಕುಣಿಯುತ್ತದೆ? ಹಾಗಂತ ಕುಣಿದವನಿಗೆ ಬೆಲೆ ಇಲ್ವಾ? ಆ ವರ್ಷ ಶ್ರೇಷ್ಠ ನಟ ಆಸ್ಕರ್‌ಗೆ ಒಂದೇ ಸಿನಿಮಾದಿಂದ ಮೂವರು ಎದುರಿಗಿದ್ದರು, ಕ್ಲಾರ್ಕ್ ಗೇಬಲ್, ಚಾರ್ಲ್ಸ್ ಲಾಟನ್, ಫ್ರ್ಯಾಂಚೋ ಟೋನ್. ಗೆದ್ದದ್ದು ಈ ಬಾಕ್ಸರ್. 1952ರ ‘ದಿ ಕ್ವಯಟ್ ಮ್ಯಾನ್’ನ ಪೋಷಕ ಪಾತ್ರಕ್ಕೆ ಮತ್ತೆ ನಾಮನಿರ್ದೇಶನ ಆಯಿತು. ಅದರಲ್ಲಿ ಮಾಜಿ ಬಾಕ್ಸರ್ ಪಾತ್ರ ಜಾನ್ ವೇಯ್ನ್‌ದು. ನಿಜವಾದ ಬಾಕ್ಸರ್ ನಾಯಕಿಯ ಹಠಮಾರಿ ಅಣ್ಣನಾಗಿ ಅವನೆದುರು ನಿಂತಿದ್ದ.

ನಿನ್ನೆ ಹಾಗೆ ಹೇಳಿದವರು ಇದನ್ನು ಓದುತ್ತೀರಿ ಅಂತ ಗೊತ್ತು. ಮುಂದಿನ ವಾರ ಸಿಗಿ. ನಾಣ್ಯ ಬೀಳುವ ದೃಶ್ಯ ಮೊಬೈಲಿನಲ್ಲಿದೆ. ಶಬ್ದ ಬಂದ್ ಮಾಡಿ ತೋರಿಸುತ್ತೇನೆ, ಮುಖವೂ ಬೇಡ, ಅವನ ಭುಜ ಮಾತ್ರ ನೋಡಿ.