ನಾಲ್ಕು ಸೊಳ್ಳೆ ತೂಕದ ನೂಕು: ಇನ್ನೂ ಅಳೆಯಬೇಕೇ?

ಮುಚ್ಚಿದ ತಾಮ್ರದ ಡಬ್ಬಿಯೊಳಗೆ ಮೈಕ್ರೋವೇವ್ ತುಂಬಿದರೆ ಡಬ್ಬಿ ತಾನಾಗಿ ಒಂದು ಕಡೆಗೆ ಸರಿಯುತ್ತದೆ ಎಂಬ ವಾದವನ್ನು ಪರೀಕ್ಷಿಸುತ್ತಲೇ ಇರಬೇಕೇ?

ಪರ: ನಕ್ಕರೆ ಅಂಕಿ ಅಳಿಸುವುದಿಲ್ಲ

ಬ್ರಿಟನ್ನಿನ ಎಂಜಿನಿಯರ್ ರೋಜರ್ ಶಾಯರ್ ಮುಂದಿಟ್ಟ 'ಎಮ್‌ಡ್ರೈವ್' ನೋಡಲು ತುದಿ ಕತ್ತರಿಸಿದ ಶಂಕುವಿನಂಥ ತಾಮ್ರದ ಡಬ್ಬಿ, ಅಷ್ಟೇ. ಇಂಧನವಿಲ್ಲ, ಹಿಂದಕ್ಕೆ ಉಗುಳುವುದು ಏನೂ ಇಲ್ಲ. ತಾನು ಕೂತ ಬುಟ್ಟಿಯನ್ನು ತಾನೇ ಎತ್ತಿಕೊಂಡ ಕಥೆ ಇದು ಎಂದು ನಕ್ಕವರೇ ಹೆಚ್ಚು. ಅದು ಹಾರುತ್ತದೆ ಎಂಬ ನಂಬಿಕೆ ನನಗೂ ಇಲ್ಲ. ಆದರೆ 2016ರಲ್ಲಿ ನಾಸಾದ ಈಗಲ್‌ವರ್ಕ್ಸ್ ತಂಡ, ನಿರ್ವಾತದಲ್ಲೂ ಕಿಲೋವ್ಯಾಟಿಗೆ 1.2 ಮಿಲಿನ್ಯೂಟನ್ ನೂಕುಬಲ ಸಿಕ್ಕಿತು ಎಂದು ತಜ್ಞರು ಪರಿಶೀಲಿಸಿದ ಪತ್ರಿಕೆಯಲ್ಲೇ ಪ್ರಕಟಿಸಿತು. ಅದನ್ನು ಅಲ್ಲಗಳೆಯಬೇಕಾದರೂ ಯಾರೋ ಕೂತು ಮತ್ತೆ ಅಳೆಯಲೇಬೇಕು.

ಆ ಅಳತೆ ವ್ಯರ್ಥವೂ ಅಲ್ಲ. ಗಾಯಾ, ಲೀಸಾ ಪಾತ್‌ಫೈಂಡರ್‌ನಂಥ ನೌಕೆಗಳು ಅಲುಗದೆ ನಿಂತದ್ದು ಮೈಕ್ರೋನ್ಯೂಟನ್ ಮಟ್ಟದ ನೂಕುಗಳಿಂದ. ಅಷ್ಟು ಸಣ್ಣ ಬಲವನ್ನು ಮೋಸಹೋಗದೆ ತೂಗುವ ವ್ಯವಸ್ಥೆ ಹೇಗಿದ್ದರೂ ಬೇಕು. ನಾಸಾದ ನೌಕೆಗಳಾದ ಪಯೊನೀರ್ 10 ಮತ್ತು 11 ಲೆಕ್ಕಕ್ಕಿಂತ ತುಸು ಹೆಚ್ಚು ನಿಧಾನವಾಗುತ್ತಿದ್ದಾಗ ಗುರುತ್ವದ ನಿಯಮವೇ ತಪ್ಪೇನೋ ಎಂಬಲ್ಲಿಯವರೆಗೆ ಮಾತು ಹೋಗಿತ್ತು. ಕಡೆಗೆ, 2012ರಲ್ಲಿ, ನೌಕೆಯ ಬಿಸಿ ಎಲ್ಲ ದಿಕ್ಕಿಗೂ ಸಮನಾಗಿ ಹೊಮ್ಮುತ್ತಿಲ್ಲ ಎಂಬ ಉತ್ತರ ಸಿಕ್ಕಿತು. ಹೊಸ ಭೌತವಿಜ್ಞಾನವೇನೂ ಕೈಗೆ ಬರಲಿಲ್ಲ. ಬಿಸಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬ ಲೆಕ್ಕ ಮಾತ್ರ ಪಕ್ಕಾ ಆಯಿತು. ನನಗೆ ಅಷ್ಟು ಸಾಕು.

ವಿರೋಧ: ಅಲುಗಿದ್ದು ತಕ್ಕಡಿ, ಡಬ್ಬಿಯಲ್ಲ

ಮೊದಲು ಆ 1.2 ಎಷ್ಟು ಎಂದು ನೋಡೋಣ. ಈಗಲ್‌ವರ್ಕ್ಸ್ ಬಳಸಿದ್ದು ಹೆಚ್ಚೆಂದರೆ 80 ವ್ಯಾಟ್. ಅಂದರೆ ಸುಮಾರು 100 ಮೈಕ್ರೋನ್ಯೂಟನ್, ಹತ್ತು ಮಿಲಿಗ್ರಾಂ ತೂಕ. ನಾಲ್ಕು ಸೊಳ್ಳೆ ಬಂದು ಕೂತಂತೆ. ಈ ಮಟ್ಟದಲ್ಲಿ ತಂತಿಯೂ ಎಂಜಿನ್ ಆಗುತ್ತದೆ: ಐದು ಸೆಂಟಿಮೀಟರ್ ತಂತಿಯಲ್ಲಿ 2 ಆಂಪಿಯರ್ ಹರಿದರೆ ಸಾಕು, ಭೂಮಿಯ ಕಾಂತಕ್ಷೇತ್ರವೇ ಅದನ್ನು 5 ಮೈಕ್ರೋನ್ಯೂಟನ್‌ನಷ್ಟು ಬಲದಿಂದ ತಳ್ಳುತ್ತದೆ. 2018ರಲ್ಲಿ ಜರ್ಮನಿಯ ಡ್ರೆಸ್ಡೆನ್ ತಾಂತ್ರಿಕ ವಿಶ್ವವಿದ್ಯಾಲಯದ ಮಾರ್ಟಿನ್ ತಾಯ್ಮಾರ್ ತಂಡ ಡಬ್ಬಿಗೆ ಹೋಗುವ ಮೈಕ್ರೋವೇವನ್ನು ಬಹುಪಾಲು ತಡೆದು ನೋಡಿತು. ನೂಕು ಹೋಗಲೇ ಇಲ್ಲ! ಮೈಕ್ರೋವೇವ್ ಇಲ್ಲದೆಯೂ ತಳ್ಳುವ ಮೈಕ್ರೋವೇವ್ ಎಂಜಿನ್ ಎಂದರೆ ಇದೇ ಇರಬೇಕು.

ತಂತಿಗಿಂತ ದೊಡ್ಡ ಕಳ್ಳ ಬಿಸಿ. ತಿರುಚು ಲೋಲಕದ (ಸಣ್ಣ ನೂಕಿಗೂ ತಿರುಗುವ ತಕ್ಕಡಿಯ) ತೋಳಿನ ಮೇಲೆ ಡಬ್ಬಿ ಕೂರಿಸಿ ವಿದ್ಯುತ್ ಹಾಯಿಸಿದಾಗ ಪರದೆಯ ಗೆರೆಯನ್ನು ಗಮನಿಸಿ. ನಿಜವಾದ ನೂಕಾದರೆ ಸ್ವಿಚ್ ಹಾಕಿದೊಡನೆ ಏರಬೇಕು, ತೆಗೆದೊಡನೆ ಇಳಿಯಬೇಕು. ನಾಸಾದ ಗೆರೆ ಹಾಗಿರಲಿಲ್ಲ. ಮೆಲ್ಲಗೆ ಏರಿ, ವಿದ್ಯುತ್ ನಿಂತ ಮೇಲೂ ಮೆಲ್ಲಗೆ ಇಳಿಯುತ್ತಿತ್ತು. ಅದು ಲೋಹ ಬಿಸಿಯಾಗಿ ಹಿಗ್ಗಿ, ಮತ್ತೆ ತಣಿಯುವ ಗತಿ. ಅದರೊಳಗಿಂದ ಬಿಸಿಯ ಪಾಲನ್ನು ಕಳೆದು 'ಉಳಿದದ್ದು ನೂಕು' ಎಂದರು. ಕಳೆಯುವ ಲೆಕ್ಕ ತುಸು ಆಚೀಚೆಯಾದರೆ ಉಳಿಯುವುದು ಏನು? 2021ರಲ್ಲಿ ಡ್ರೆಸ್ಡೆನ್ ತಂಡ ಇದನ್ನೇ ಬಿಡಿಸಿ ತೋರಿಸಿತು: ಸಾಧನ ಬಿಸಿಯಾದಾಗ ಅದನ್ನು ತಕ್ಕಡಿಗೆ ಬಿಗಿದ ಭಾಗಗಳು ಬಾಗಿ, ತಕ್ಕಡಿಯ ಸೊನ್ನೆಯೇ ಜಾಗ ಬದಲಿಸುತ್ತದೆ. ಜೋಡಣೆ ಸರಿಪಡಿಸಿದ ಮೇಲೆ, ಅಷ್ಟೇ ವ್ಯಾಟಿನ ಬೆಳಕಿನ ಕಿರಣ ಕೊಡುವ ನೂಕಿನಷ್ಟೂ ಉಳಿಯಲಿಲ್ಲ. ಚೀನಾದ ಯಾಂಗ್ ಜುವಾನ್ ತಂಡದ್ದೂ ಇದೇ ಪಾಡು. 2.5 ಕಿಲೋವ್ಯಾಟಿಗೆ 720 ಮಿಲಿನ್ಯೂಟನ್ ಎಂದವರಿಗೆ, ಹೊರಗಿನ ತಂತಿ ಬಿಟ್ಟು ಬ್ಯಾಟರಿಯನ್ನೇ ತಕ್ಕಡಿಯ ಮೇಲಿಟ್ಟಾಗ ಅಳತೆಯ ಸಹಜ ಏರುಪೇರು ಬಿಟ್ಟರೆ ಬೇರೇನೂ ಕಾಣಲಿಲ್ಲ.

ಇನ್ನೊಂದು ಲೆಕ್ಕ ಕಾಗದದ ಮೇಲೇ ಮುಗಿಯುತ್ತದೆ. ಕಿಲೋವ್ಯಾಟಿಗೆ 1.2 ಮಿಲಿನ್ಯೂಟನ್ ಸದಾ ಸಿಗುವುದಾದರೆ, ವೇಗ ಸೆಕೆಂಡಿಗೆ ಸುಮಾರು 830 ಕಿ.ಮೀ. ದಾಟಿದ ಮೇಲೆ ನೌಕೆಗೆ ಹಾಕಿದ ವಿದ್ಯುತ್ತಿಗಿಂತ ಹೆಚ್ಚು ಶಕ್ತಿ ಸೇರುತ್ತಾ ಹೋಗುತ್ತದೆ. ನೌಕೆ ಯಾಕೆ ಬೇಕು, ಮನೆಗೆ ವಿದ್ಯುತ್ತನ್ನೇ ತೆಗೆಯಬಹುದಲ್ಲ!

ಪಯೊನೀರ್ ಮಾತು ಒಪ್ಪಿದೆ. ಆದರೆ ಅಲ್ಲಿ ಉತ್ತರ ಸಿಕ್ಕ ಮೇಲೆ ಹುಡುಕಾಟ ನಿಂತಿತು. ಇಲ್ಲೂ ಸಿಕ್ಕಿದೆ. ಮತ್ತೊಂದು ಪ್ರಯೋಗಕ್ಕೆ ಹಣ ಕೇಳುವವರು ಮೊದಲು ಡಬ್ಬಿಯ ಜಾಗದಲ್ಲಿ ಅಷ್ಟೇ ವ್ಯಾಟಿನ ಹೀಟರ್ ಕೂರಿಸಿ, ಗೆರೆ ಎಷ್ಟು ಸರಿಯಿತು ಎಂದು ತೋರಿಸಲಿ.