ಲಿಸ್ಟ್‌ನಲ್ಲಿದೆಯಾ? ಪರ್ಸೆಂಟ್ ಎಷ್ಟು?

ನಂಬಬಹುದಾದ ಆಕರ ಯಾವುದು, ನಂಬಬಾರದ್ದು ಯಾವುದು ಅಂತ ಪಿಎಚ್.ಡಿ ವಿದ್ಯಾರ್ಥಿಗಳಿಗೆ ಹೇಳಿಕೊಡೋಕೆ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ, 2019ರಲ್ಲೇ ಒಂದು ಕೋರ್ಸ್ ಕಡ್ಡಾಯ ಮಾಡಿತು. 2 ಕ್ರೆಡಿಟ್, 30 ಗಂಟೆ. ದುಡ್ಡು ಕಿತ್ತು ಏನು ಬೇಕಾದರೂ ಅಚ್ಚು ಹಾಕುವ ಜರ್ನಲ್‌ಗಳನ್ನು ಗುರುತಿಸೋದು, ಡೇಟಾಬೇಸ್‌ನಲ್ಲಿ ಹುಡುಕೋದು, ಕೃತಿಚೌರ್ಯ ಅಂದರೇನು, ಎಲ್ಲ ಅದರಲ್ಲಿದೆ. ಪಠ್ಯ ನಿಜಕ್ಕೂ ಚೆನ್ನಾಗಿದೆ. ಆದರೆ ವಿಭಾಗದ ಕಾರಿಡಾರ್‌ಗೆ ಬರುವಷ್ಟರಲ್ಲಿ 30 ಗಂಟೆಯೂ ಆವಿಯಾಗಿ, ಎರಡೇ ಪ್ರಶ್ನೆ ಉಳಿಯುತ್ತವೆ: ಲಿಸ್ಟ್‌ನಲ್ಲಿದೆಯಾ? ಪರ್ಸೆಂಟ್ ಎಷ್ಟು ಬಂತು?

ಮೊದಲು ಲಿಸ್ಟ್. ಯುಜಿಸಿಯ ಅನುಮೋದಿತ ಪಟ್ಟಿಯಲ್ಲಿದ್ದರೆ ಒಳ್ಳೆ ಜರ್ನಲ್, ಇಲ್ಲದಿದ್ದರೆ ಕೆಟ್ಟದ್ದು. ಒಳಗೇನು ಅಚ್ಚಾಗಿದೆ ಅಂತ ಓದುವ ತಾಪತ್ರಯವೇ ಇಲ್ಲ. 2018ರ ಮೇನಲ್ಲಿ ಯುಜಿಸಿಯೇ ಆ ಪಟ್ಟಿಯಿಂದ 4,305 ಜರ್ನಲ್‌ಗಳನ್ನು ಕಿತ್ತುಹಾಕಿತು. ಅಂದರೆ ಹಿಂದಿನ ದಿನದವರೆಗೆ ಪರಮ ನಂಬಿಕಸ್ಥವಾಗಿದ್ದವು ಬೆಳಗಾಗುವುದರೊಳಗೆ ರದ್ದಿ! ಆಮೇಲೆ ಯುಜಿಸಿಯದೇ ಹೊಸ ಪಟ್ಟಿ, ಕೇರ್ ಲಿಸ್ಟ್ ಬಂತು. ಅದರಲ್ಲಿದ್ದ ಜರ್ನಲ್‌ಗಳ ಹೆಸರಲ್ಲೇ ನಕಲಿ ವೆಬ್‌ಸೈಟ್‌ಗಳು ಎದ್ದವು, ಪೇಪರ್ ಕಳಿಸಿ, ದುಡ್ಡು ಹಾಕಿ, ಸರ್ಟಿಫಿಕೇಟ್ ತಗೊಳ್ಳಿ ಅಂತ. 2025ರ ಫೆಬ್ರವರಿಯಲ್ಲಿ ಯುಜಿಸಿ ಕೇರ್ ಲಿಸ್ಟನ್ನೂ ಮುಚ್ಚಿ, ಜರ್ನಲ್ ಒಳ್ಳೆಯದೋ ಕೆಟ್ಟದ್ದೋ ನೀವೇ ನೋಡಿಕೊಳ್ಳಿ, ಇಗೋ ಮಾನದಂಡಗಳು ಅಂದಿತು. ಎಂಥಾ ಅನ್ಯಾಯ ನೋಡಿ. ಇಷ್ಟು ವರ್ಷ ಲಿಸ್ಟ್ ನೋಡಿದವರಿಗೆ ಈಗ ಏಕಾಏಕಿ ಜರ್ನಲ್ ನೋಡಿ ಅಂದರೆ ಹೇಗೆ? ಹಳೇ ಲಿಸ್ಟಿನ ಪಿಡಿಎಫ್ ಯಾರ ಹತ್ತಿರ ಇದೆ ಅಂತ ವಾಟ್ಸಾಪ್ ಗ್ರೂಪಿನಲ್ಲಿ ಕೇಳುವವರನ್ನು ಬೈಯೋಕೂ ಮನಸ್ಸು ಬರೋದಿಲ್ಲ.

ಇನ್ನು ಪರ್ಸೆಂಟ್. ಪ್ರಬಂಧ ಬೇರೆಯವರ ಬರಹಕ್ಕೆ ಎಷ್ಟು ಹೋಲುತ್ತದೆ ಅಂತ ಸಾಫ್ಟ್‌ವೇರ್ ಕೊಡುವ ಲೆಕ್ಕ ಇದು. 2018ರ ನಿಯಮದಂತೆ ಹೋಲಿಕೆ ಶೇ 10ರವರೆಗೆ ಇದ್ದರೆ ದಂಡವಿಲ್ಲ, ಶೇ 60 ದಾಟಿದರೆ ನೋಂದಣಿಯೇ ರದ್ದು. ಹೆಸರು ಹೇಳಿ ಉದ್ಧರಿಸಿದ್ದನ್ನು ಈ ಲೆಕ್ಕಕ್ಕೆ ಹಿಡಿಯಬಾರದು ಅಂತಲೂ ಅದೇ ನಿಯಮದಲ್ಲಿದೆ, ಆ ಸಾಲನ್ನು ಮಾತ್ರ ಯಾರೂ ಓದಿದ ಹಾಗಿಲ್ಲ. ಹಾಗಾಗಿ ಹುಡುಗರು ಆಕರವನ್ನು ಉದ್ಧರಿಸೋಕೇ ಹೆದರುತ್ತಾರೆ. ಇನ್ನೊಬ್ಬರ ವಾಕ್ಯ ತಗೊಂಡು, 'ಮುಖ್ಯ' ಇದ್ದಲ್ಲಿ 'ಪ್ರಮುಖ' ಹಾಕಿ, ಕರ್ತರಿಯನ್ನು ಕರ್ಮಣಿ ಮಾಡಿ, ಮೂಲ ಲೇಖಕರ ಹೆಸರನ್ನು ಸುಮ್ನೆ ಬಿಟ್ಟುಬಿಟ್ಟರೆ ಪರ್ಸೆಂಟ್ ಇಳಿಯುತ್ತದೆ. ಕದ್ದರೆ ಪಾಸು, ಹೇಳಿ ತಗೊಂಡರೆ ಭಯ!

ಕನ್ನಡದಲ್ಲಿ ಪ್ರಬಂಧ ಬರೆಯುವವರಿಗೆ ಆ ಕಷ್ಟವೂ ಇಲ್ಲ. ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಕಡತ ಕಣ್ಣಿಗೆ ಮಾತ್ರ ಕನ್ನಡ. ಎಲ್ಲ ಕಂಪ್ಯೂಟರ್‌ಗೂ ಕನ್ನಡ ಅಂತಲೇ ತಿಳಿಯುವ ಯುನಿಕೋಡ್ ಅಲ್ಲವಲ್ಲ, ಕಂಪ್ಯೂಟರ್‌ಗೆ ಅದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಚಿತ್ರಾನ್ನ. ಅಂಥದ್ದನ್ನು ಕೊಟ್ಟರೆ ಸಾಫ್ಟ್‌ವೇರ್ ಲೋಕದ ಯಾವುದರ ಜೊತೆ ತಾನೇ ಹೋಲಿಸೀತು? ಸೊನ್ನೆ ಪರ್ಸೆಂಟ್! ಅಷ್ಟು ಸ್ವಂತಿಕೆ ಯಾವ ಸಂಶೋಧಕನಿಗೂ ಸಾಧ್ಯವಿಲ್ಲ, ಫಾಂಟಿಗೆ ಸಾಧ್ಯ.

ಆಮೇಲೆ ಆ ಪ್ರಬಂಧ ಶೋಧಗಂಗಾಕ್ಕೆ ಹೋಗುತ್ತದೆ. ದೇಶದ ಪ್ರಬಂಧಗಳೆಲ್ಲ ಎಲ್ಲರಿಗೂ ಸಿಗಲಿ ಅಂತ ಯುಜಿಸಿಯದೇ ಸಂಸ್ಥೆ ಇನ್‌ಫ್ಲಿಬ್‌ನೆಟ್ ಆನ್‌ಲೈನ್‌ನಲ್ಲಿ ಕಟ್ಟಿದ ಒಳ್ಳೆ ಜಾಗ ಅದು. ಆದರೆ ಅಲ್ಲಿ ಹೋಗಿ ಕೂತಿದ್ದು ಅದೇ ಚಿತ್ರಾನ್ನ, ಇಲ್ಲಾ ಸ್ಕ್ಯಾನ್ ಮಾಡಿದ ಪುಟಗಳ ಫೋಟೋ. ಮುಂದಿನ ವರ್ಷದ ವಿದ್ಯಾರ್ಥಿ, ಪಾಪ, ಕೋರ್ಸಿನಲ್ಲಿ ಕಲಿಸಿದ ಹಾಗೇ ಯುನಿಕೋಡ್‌ನಲ್ಲಿ ಪದ ಹೊಡೆದು ಹುಡುಕುತ್ತಾನೆ. ಪ್ರಬಂಧದೊಳಗಿನ ಒಂದು ಸಾಲೂ ಸಿಗೋದಿಲ್ಲ. ಗೈಡ್ ಹತ್ತಿರ ಹೋಗಿ ಹೇಳುತ್ತಾನೆ, ಸರ್, ಏನೂ ಬರ್ತಾ ಇಲ್ಲ. ಒಳ್ಳೇದಾಯ್ತಲ್ಲಪ್ಪಾ, ಬರ್ಕೋ ಅನ್ನುತ್ತಾರೆ ಅವರು. 'ಈ ವಿಷಯದ ಬಗ್ಗೆ ಇದುವರೆಗೆ ಯಾವುದೇ ಅಧ್ಯಯನ ನಡೆದಿಲ್ಲ' ಅಂತ ಮೊದಲ ಅಧ್ಯಾಯದಲ್ಲೇ ಬೀಳುತ್ತದೆ. ಸಾಫ್ಟ್‌ವೇರೂ ಹೌದು ಅನ್ನುತ್ತದೆ.