ಚಾರ್ಮಾಡಿಯಲ್ಲಿ ನಿಂತ ಪದ್ಮಿನಿ

ಹಳೇ ಕಾರಲ್ಲಿ ದೂರ ಹೋಗುವವರು ಮೆಕ್ಯಾನಿಕ್ ನಂಬರ್ ಇಟ್ಟುಕೊಂಡರೆ ಸಾಕು ಅಂತ ಬರೆದಿದ್ದೀರಿ. ಸಾಲದು ಸರ್. ನಮ್ಮ ಮನೆಯಲ್ಲಿ 1984ರ ಪ್ರೀಮಿಯರ್ ಪದ್ಮಿನಿ ಇದೆ. 1089 ಸಿಸಿ ಇಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರ್. ಹೋದ ಏಪ್ರಿಲ್‌ನಲ್ಲಿ ಉಜಿರೆ ಕಡೆಯಿಂದ ಚಾರ್ಮಾಡಿ ಘಾಟಿ ಹತ್ತುವಾಗ ಮಟಮಟ ಮಧ್ಯಾಹ್ನ ಜಗ್ಗಿ ಜಗ್ಗಿ ನಿಂತೇಬಿಟ್ಟಿತು. ಫೋನಿಗೆ ಸಿಗ್ನಲ್ಲೇ ಇಲ್ಲ.

ಅಪ್ಪ ಗಾಬರಿಯಾಗಲಿಲ್ಲ. ಬಾನೆಟ್ ಎತ್ತಿ, ಹೆಗಲ ಮೇಲಿದ್ದ ಟವೆಲ್ ಒದ್ದೆ ಮಾಡಿ, ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪಿಗೆ ಸುತ್ತಿದರು. ಈ ಪಂಪ್ ಇಂಜಿನ್ನಿಗೇ ಅಂಟಿಕೊಂಡಿರುತ್ತೆ ಅಲ್ವಾ, ಆ ಕಾವಿಗೆ ಒಳಗಿನ ಪೆಟ್ರೋಲ್ ಆವಿಯಾಗುತ್ತೆ. ಆವಿ ತುಂಬಿದರೆ ಪಂಪ್ ಎಳೆಯಲ್ಲ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರಿಗೆ ಪೆಟ್ರೋಲೇ ಹೋಗಲ್ಲ. ವೇಪರ್ ಲಾಕ್ ಅನ್ನೋದು ಇದಕ್ಕೇ. ಟವೆಲ್‌ನಿಂದ ಹಬೆ ಏಳುತ್ತಿತ್ತು. ಎರಡು ಸಲ ನೀರು ಹಾಕಿ ಇಪ್ಪತ್ತು ನಿಮಿಷ ಕಾದೆವು. ಆಮೇಲೆ ಕೀ ಒಂದೇ ಸಲ ತಿರುಗಿಸಿದ್ದಕ್ಕೆ ಸ್ಟಾರ್ಟ್! ಘಾಟಿ ಹತ್ತಿದ ಮೇಲೆ ಸಿಗುವ ಕೊಟ್ಟಿಗೆಹಾರದಲ್ಲಿ ನೀರ್ ದೋಸೆ ತಿನ್ನುವಾಗಲೂ ಬಾನೆಟ್ ತೆರೆದೇ ಇಟ್ಟಿದ್ದೆವು.

ಬೇರೆ ತೊಂದರೆಗಳಿಗೆ ಅಂತ, ಇಂಜಿನ್ನಿಗೆ ಕಿಡಿ ಕೊಡಲು ಬೇಕಾದ ಪ್ಲಾಟಿನಂ ಪಾಯಿಂಟ್, ಕಂಡೆನ್ಸರ್, ಜೊತೆಗೆ ಫ್ಯಾನ್ ಬೆಲ್ಟ್ ಒಂದೊಂದು ಜಾಸ್ತಿ ಇಟ್ಟುಕೊಳ್ಳಿ. ಪಾಯಿಂಟ್ ಉಜ್ಜಲು ಒಂದು ತುಂಡು ಉಪ್ಪುಕಾಗದವೂ ಇರಲಿ. ಬೇಸಿಗೆಯಲ್ಲಿ ಘಾಟಿ ಹತ್ತೋದಾದರೆ ಬೆಳಿಗ್ಗೆ ಬೇಗ ಹೊರಡಿ.